ಖಡಕ್ ರೊಟ್ಟಿ ಮೆತ್ತಗಾದಾಗ, ಚಟ್ನಿ ಪುಡಿಗೆ ಕಮಟು ಬಂದಾಗ: ಪ್ಯಾಕೆಟ್ಟಿನ ದೋಷ ಪತ್ತೆ ಮಾಡುವ ಕೈಪಿಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಜೋಳದ ಮತ್ತು ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ, ಗುರೆಳ್ಳು ಹಾಗೂ ಅಗಸಿ ಚಟ್ನಿ ಪುಡಿ, ಒಣಮೆಣಸಿನಕಾಯಿ ಪುಡಿ ಮುಂತಾದವನ್ನು ತಯಾರಿಸಿ ಮಾರುವ ಮಹಿಳಾ ಸಂಘಗಳನ್ನೂ ಸಣ್ಣ ಘಟಕಗಳನ್ನೂ ಉದ್ದೇಶಿಸಿ ಈ ಕೈಪಿಡಿಯನ್ನು ಬರೆಯಲಾಗಿದೆ. ಅಂಗಡಿಯಿಂದ ಮಾಲು ವಾಪಸು ಬಂದಾಗ ಬಹುತೇಕರು ಮೊದಲು ಮಾಡುವ ಕೆಲಸವೆಂದರೆ ಇನ್ನೂ ದಪ್ಪನೆಯ ಕವರ್ ತರಿಸುವುದು. ದಪ್ಪ ಕವರಿನಿಂದ ಕೆಲವು ದೋಷಗಳು ನಿಜವಾಗಿಯೂ ಕಡಿಮೆಯಾಗುತ್ತವೆ, ಆದರೆ ಹಲವು ದೋಷಗಳಿಗೆ ಅದು ಸಂಬಂಧವೇ ಇಲ್ಲದ ಖರ್ಚು. ಯಾವ ದೋಷ ಎಲ್ಲಿಂದ ಬಂತು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಹಣ ಸುರಿಯಬಾರದು.

ಆಹಾರ ಕೆಡುವುದಕ್ಕೆ ಮೂರು ದಾರಿಗಳಿವೆ. ಕೆಡಿಸುವ ಅಂಶ ಪ್ಯಾಕ್ ಮಾಡುವ ಹೊತ್ತಿಗೇ ಒಳಗೆ ಸೇರಿರಬಹುದು, ಸೀಲ್ ಹಾಕಿದ ಗೆರೆಯ ಸಂದಿನಿಂದಲೋ ಸೂಜಿಮೊನೆಯಷ್ಟಿರುವ ತೂತಿನಿಂದಲೋ ನುಗ್ಗಿರಬಹುದು, ಇಲ್ಲವೇ ಸೀಲೂ ಹಾಳೆಯೂ ಸರಿಯಾಗಿದ್ದರೂ ಹಾಳೆಯ ಮೂಲಕವೇ ನಿಧಾನವಾಗಿ ಇಳಿದು ಬಂದಿರಬಹುದು. ಪ್ಲಾಸ್ಟಿಕ್ ಹಾಳೆಯಲ್ಲಿ ತೂತಿಲ್ಲದಿದ್ದರೂ ನೀರಾವಿ ಮತ್ತು ಆಮ್ಲಜನಕ ಅದನ್ನು ದಾಟುತ್ತವೆ ಎಂಬ ಸಂಗತಿಯನ್ನು ಒಪ್ಪಿಕೊಳ್ಳದೆ ಈ ಮೂರನೆಯ ದಾರಿ ಅರ್ಥವಾಗುವುದಿಲ್ಲ.

ನಮ್ಮ ಸೀಮೆಯ ಹವಾಮಾನ ಈ ಪತ್ತೆ ಕೆಲಸವನ್ನು ಇನ್ನಷ್ಟು ಗೊಂದಲಗೊಳಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಹೊತ್ತಿಗೆ ಗಾಳಿ ಎಷ್ಟು ಒಣಗಿರುತ್ತದೆಯೆಂದರೆ, ಸಾಧಾರಣ ತೆಳು ಕವರಿನಲ್ಲಿಟ್ಟ ರೊಟ್ಟಿಯೂ ಗರಿಗರಿಯಾಗಿಯೇ ಉಳಿಯುತ್ತದೆ; ಕವರ್ ಚೆನ್ನಾಗಿದೆಯೆಂದು ನಂಬಿ ಅದನ್ನೇ ವರ್ಷಪೂರ್ತಿ ಬಳಸುತ್ತಾರೆ. ಜುಲೈನಲ್ಲಿ ಗಾಳಿ ತೇವಗೊಂಡಾಗ, ಅಥವಾ ಅದೇ ಮಾಲು ಮಂಗಳೂರಿನಂಥ ಕರಾವಳಿಯ ಊರಿಗೆ ಹೋದಾಗ, ದೂರುಗಳು ಒಟ್ಟಿಗೆ ಬರುತ್ತವೆ. ಎಣ್ಣೆ ಅಂಶವಿರುವ ಚಟ್ನಿ ಪುಡಿಯದು ಇದಕ್ಕೆ ತದ್ವಿರುದ್ಧ, ಅದಕ್ಕೆ ಮಳೆಗಾಲಕ್ಕಿಂತ ಬೇಸಿಗೆಯೇ ಶತ್ರು. ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಸುಮಾರಾಗಿ ಎರಡರಷ್ಟಾಗುತ್ತದೆ. ಆದ್ದರಿಂದ ದೂರು ಬಂದ ತಿಂಗಳು, ಮಾಲು ಹೋದ ಊರು, ಪ್ಯಾಕ್ ಮಾಡಿದ ದಿನಾಂಕ ಈ ಮೂರನ್ನು ಬರೆದುಕೊಂಡ ಮೇಲೆಯೇ ಮುಂದಿನ ಪರೀಕ್ಷೆಗೆ ಹೋಗಬೇಕು.

ಮೊದಲ ಪರೀಕ್ಷೆ: ಸಾಕ್ಷಿ ಪ್ಯಾಕೆಟ್ ಮತ್ತು ಗಾಜಿನ ಬಾಟಲಿ

ಪ್ರತಿ ಬಾರಿ ತಯಾರಿಸಿದ ಮಾಲಿನಿಂದ ಎರಡು ಪ್ಯಾಕೆಟ್‌ಗಳನ್ನು ಘಟಕದಲ್ಲೇ ತೆಗೆದಿಡಬೇಕು, ಅದೇ ಮಾಲನ್ನು ಒಂದು ಗಾಜಿನ ಬಾಟಲಿಯಲ್ಲಿ ಕಂಠದವರೆಗೆ ತುಂಬಿ, ಲೋಹದ ಮುಚ್ಚಳವನ್ನು ಬಿಗಿಯಾಗಿ ಹಾಕಿ ಪಕ್ಕದಲ್ಲೇ ಇಡಬೇಕು. ಗಾಜಿನ ಮೂಲಕ ನೀರಾವಿಯಾಗಲಿ ಆಮ್ಲಜನಕವಾಗಲಿ ಹಾಯುವುದಿಲ್ಲ. ಹೀಗಾಗಿ ದೂರು ಬಂದಾಗ ಬಾಟಲಿಯಲ್ಲಿದ್ದ ಮಾಲೂ ಕೆಟ್ಟಿದ್ದರೆ ದೋಷವು ತಯಾರಿಕೆಯಲ್ಲೋ ಕಚ್ಚಾ ಮಾಲಿನಲ್ಲೋ ಇದೆ, ಕವರನ್ನು ಬದಲಾಯಿಸಿ ಪ್ರಯೋಜನವಿಲ್ಲ. ಬಾಟಲಿಯದು ಚೆನ್ನಾಗಿದ್ದು ಸಾಕ್ಷಿ ಪ್ಯಾಕೆಟ್‌ಗಳು ಎರಡೂ ಒಂದೇ ಪ್ರಮಾಣದಲ್ಲಿ ಕೆಟ್ಟಿದ್ದರೆ ಹಾಳೆಯ ಮೇಲೆ ಅನುಮಾನ ಪಡಬೇಕು. ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ, ಅಥವಾ ಒಂದೇ ಪೆಟ್ಟಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಮಾತ್ರ ಕೆಟ್ಟಿದ್ದರೆ, ಅದು ಬಹುತೇಕ ಸೀಲಿನ ಅಥವಾ ತೂತಿನ ದೋಷ; ಹಾಳೆಯ ದೋಷವಾಗಿದ್ದರೆ ಎಲ್ಲವೂ ಸಮನಾಗಿ ಕೆಡಬೇಕಿತ್ತು. ಸಾಕ್ಷಿ ಪ್ಯಾಕೆಟ್‌ಗಳೂ ಬಾಟಲಿಯೂ ಚೆನ್ನಾಗಿದ್ದು ಅಂಗಡಿಯಲ್ಲಿದ್ದವು ಮಾತ್ರ ಕೆಟ್ಟಿದ್ದರೆ ಸಾಗಣೆಯನ್ನೂ ಅಂಗಡಿಯಲ್ಲಿ ಇಟ್ಟ ಜಾಗವನ್ನೂ ನೋಡಬೇಕು. ಪರೀಕ್ಷೆಗಳಲ್ಲೆಲ್ಲ ಅತಿ ಅಗ್ಗವಾದದ್ದೂ ಅತಿ ಹೆಚ್ಚು ತಿಳಿಸಿಕೊಡುವುದೂ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ರೊಟ್ಟಿ ಮೆತ್ತಗಾಗಿದ್ದರೆ

ಖಡಕ್ ರೊಟ್ಟಿಯ ಗರಿಗರಿತನ ನಿಂತಿರುವುದು ಅದರಲ್ಲಿರುವ ಕಡಿಮೆ ತೇವಾಂಶದ ಮೇಲೆ. ಮೊದಲು ಒಳಗಿನ ದಾರಿಯನ್ನೇ ನೋಡೋಣ. ಹಂಚಿನಿಂದ ಇಳಿಸಿದ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿ ಇಟ್ಟಾಗ ಮೇಲಿನವು ಬೇಗ ಆರುತ್ತವೆ, ಆದರೆ ಒಟ್ಟಿನ ನಡುವಿನವು ಬಹಳ ಹೊತ್ತು ಬಿಸಿಯಾಗಿಯೇ ಇರುತ್ತವೆ. ಮೇಲಿನ ರೊಟ್ಟಿಯನ್ನು ಮುಟ್ಟಿ ನೋಡಿ ಆರಿದೆಯೆಂದು ತೀರ್ಮಾನಿಸಿ ಕವರಿಗೆ ಹಾಕಿದರೆ, ನಡುವಿನ ಶಾಖದೊಂದಿಗೆ ಎದ್ದ ಆವಿ ಕವರಿನ ಒಳಮೈಗೆ ತಾಗಿ ತಣಿದು ಹನಿಯಾಗುತ್ತದೆ, ಆ ಹನಿಯನ್ನು ರೊಟ್ಟಿಯ ಅಂಚುಗಳು ಹೀರಿಕೊಳ್ಳುತ್ತವೆ. ಇದರ ಗುರುತು ಸ್ಪಷ್ಟ: ಪ್ಯಾಕ್ ಮಾಡಿದ ಮರುದಿನ ಬೆಳಗ್ಗೆ ಪಾರದರ್ಶಕ ಕವರನ್ನು ಬೆಳಕಿಗೆ ಹಿಡಿದಾಗ ಒಳಗೆ ಮಂಜು ಕಟ್ಟಿದಂತೆ ಕಾಣುತ್ತದೆ, ರೊಟ್ಟಿಯ ಅಂಚು ಬಾಗುತ್ತದೆ, ನಡುಭಾಗ ಇನ್ನೂ ಮುರಿಯುತ್ತದೆ. ಒಟ್ಟಿನ ನಡುವೆ ಥರ್ಮಾಮೀಟರ್ ಇಟ್ಟು, ಅದು ಕೋಣೆಯ ಉಷ್ಣತೆಗೆ ಇಳಿದ ಮೇಲೆಯೇ ಪ್ಯಾಕ್ ಮಾಡುವುದು ಇದಕ್ಕೆ ಪರಿಹಾರ. ಆದರೆ ಮಳೆಗಾಲದಲ್ಲಿ ಆರಲೆಂದು ರಾತ್ರಿಯಿಡೀ ತೆರೆದಿಟ್ಟರೆ ಗಾಳಿಯ ತೇವವನ್ನೇ ರೊಟ್ಟಿ ಎಳೆದುಕೊಳ್ಳುತ್ತದೆ. ಹಾಗಾಗಿ ಆರಿದ ಕೂಡಲೇ, ಅಂದೇ ಪ್ಯಾಕ್ ಮಾಡಬೇಕು.

ಒಳಗಿನ ದಾರಿ ಸರಿಯಿದೆಯೆಂದು ಖಾತ್ರಿಯಾದ ಮೇಲೆ ತೂತು ಮತ್ತು ಸೀಲನ್ನು ನೋಡಬೇಕು. ಖಡಕ್ ರೊಟ್ಟಿಯಲ್ಲಿ ತೂತು ಮಾಡುವುದು ಹೊರಗಿನ ವಸ್ತುವಿಗಿಂತ ರೊಟ್ಟಿಯೇ ಹೆಚ್ಚು. ಸಾಗಣೆಯ ಕುಲುಕಾಟದಲ್ಲಿ ಮುರಿದ ತುಂಡಿನ ಚೂಪು ಅಂಚು ಹಾಳೆಯನ್ನು ಒಳಗಿನಿಂದ ಚುಚ್ಚುತ್ತದೆ. ಮುಚ್ಚಿದ ಪ್ಯಾಕೆಟ್ಟನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಅಂಗೈಯಿಂದ ಮೆಲ್ಲಗೆ ಅದುಮಿದರೆ, ಸೋರುವ ಕಡೆಯಿಂದ ಗುಳ್ಳೆಗಳು ಒಂದೇ ಸಾಲಿನಲ್ಲಿ ಏಳುತ್ತವೆ. ಗುಳ್ಳೆ ಎದ್ದ ಜಾಗವನ್ನು ಪೆನ್ನಿನಿಂದ ಗುರುತು ಹಾಕಿ, ಅದು ಸೀಲಿನ ಗೆರೆಯಲ್ಲಿದೆಯೋ ಹಾಳೆಯ ಮೈಯಲ್ಲಿದೆಯೋ ಎಂದು ನೋಡಬೇಕು. ಮೈಯಲ್ಲಿದ್ದರೆ ರೊಟ್ಟಿಯ ಮೇಲೆ ಕೆಳಗೆ ಆಹಾರಕ್ಕೆ ಯೋಗ್ಯವಾದ ರಟ್ಟಿನ ತಟ್ಟೆ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ರಟ್ಟಿನ ಬದಲು ಹಳೆಯ ದಿನಪತ್ರಿಕೆ ಬಳಸುವ ರೂಢಿ ಇನ್ನೂ ಇದೆ. ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ಯಾಕೇಜಿಂಗ್ ನಿಯಮ, 2018ರ ಪ್ರಕಾರ ಅದು ನಿಷಿದ್ಧ. ಮುದ್ರಣದ ಶಾಯಿ ಆಹಾರಕ್ಕೆ ಅಂಟುತ್ತದೆ.

ಗುಳ್ಳೆ ಸೀಲಿನಿಂದ ಎದ್ದರೆ ಕತ್ತರಿಯಿಂದ ಸೀಲಿಗೆ ಅಡ್ಡಲಾಗಿ 15 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ, ಎರಡು ತುದಿಗಳನ್ನು ಹಿಡಿದು ನಿಧಾನವಾಗಿ ಎಳೆಯಬೇಕು. ಪಟ್ಟಿ ಹರಿಯದೆ ಸೀಲ್ ಮಾತ್ರ ನಯವಾಗಿ ಬಿಚ್ಚಿಕೊಂಡರೆ ಶಾಖ ಸಾಲದಾಗಿದೆ. ಸೀಲಿನ ಅಂಚಿಗೇ ಹಾಳೆ ಪಟಕ್ಕನೆ ಹರಿದು, ಗೆರೆ ಸುಕ್ಕುಗಟ್ಟಿ ಕಂದಿದ್ದರೆ ಶಾಖ ಹೆಚ್ಚಾಗಿದೆ. ಸೀಲ್ ಬಿಡದೆ, ಹಾಳೆ ಹಿಗ್ಗಿ ಹಿಗ್ಗಿ ಕೊನೆಗೆ ಹರಿದರೆ ಸೀಲ್ ಸರಿಯಿದೆ. ಸೀಲಿಗೆ ಶಾಖ, ಒತ್ತಡ, ಸಮಯ ಮೂರೂ ಹೊಂದಬೇಕು. ಬ್ಯಾಂಡ್ ಸೀಲರಿನ (ಓಡುವ ಪಟ್ಟಿಯಲ್ಲಿ ಕವರನ್ನು ಸಾಗಿಸುತ್ತಾ ಸೀಲ್ ಹಾಕುವ ಯಂತ್ರದ) ವೇಗ ಹೆಚ್ಚಿಸಿದವರು ಉಷ್ಣತೆಯನ್ನೂ ಏರಿಸದಿದ್ದರೆ ಸೀಲ್ ಕಚ್ಚುವುದಿಲ್ಲ. ಹಳ್ಳಿಯ ಘಟಕಗಳಲ್ಲಿ ಇನ್ನೊಂದು ಕಾರಣವನ್ನು ತಪ್ಪದೆ ನೋಡಬೇಕು. ಕೈಯಿಂದ ಒತ್ತುವ ಸೀಲರಿನಲ್ಲಿ ತಂತಿ ಕಾಯುವುದು ವೋಲ್ಟೇಜಿಗೆ ತಕ್ಕಂತೆ. ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ ಇಳಿದರೆ, ಯಂತ್ರದ ಗುಂಡಿ ಅದೇ ಅಂಕೆಯಲ್ಲಿದ್ದರೂ ಸೀಲ್ ಹಸಿಯಾಗಿ ಉಳಿಯುತ್ತದೆ. ಕೆಟ್ಟ ಪ್ಯಾಕೆಟ್‌ಗಳೆಲ್ಲ ದಿನದ ಒಂದೇ ಹೊತ್ತಿನಲ್ಲಿ ಪ್ಯಾಕ್ ಆದವು ಎಂದು ದಾಖಲೆಯಿಂದ ತಿಳಿದರೆ ಮೊದಲು ಸ್ಟೆಬಿಲೈಜರ್ ಹಾಕಿಸಬೇಕು. ತಂತಿಯ ಮೇಲಿನ ಟೆಫ್ಲಾನ್ ಪಟ್ಟಿ ಸುಟ್ಟು ಹರಿದಿದ್ದರೂ ಸೀಲಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಂಥ ಬಿಡುವು ಕಾಣುತ್ತದೆ.

ತೂತಿಲ್ಲ, ಸೀಲ್ ಗಟ್ಟಿಯಾಗಿದೆ, ಆದರೂ ಎಲ್ಲ ಪ್ಯಾಕೆಟ್‌ಗಳೂ ಒಟ್ಟಿಗೆ ಮೆತ್ತಗಾಗುತ್ತಿವೆ ಎಂದಾದರೆ ಮಾತ್ರ ಹಾಳೆಯ ಲೆಕ್ಕಕ್ಕೆ ಬರಬೇಕು. 300 ಗ್ರಾಂ ರೊಟ್ಟಿಯ ತೇವಾಂಶ ಶೇ. 4ರಿಂದ ಶೇ. 8ಕ್ಕೆ ಏರಲು ಸುಮಾರು 12 ಗ್ರಾಂ ನೀರು ಒಳಬಂದರೆ ಸಾಕು ಎಂದಿಟ್ಟುಕೊಳ್ಳೋಣ. ಉದ್ದಗಲ 30 ಸೆಂಟಿಮೀಟರ್ ಇರುವ ಕವರಿನ ಎರಡು ಮೈ ಸೇರಿ 0.18 ಚದರ ಮೀಟರ್. 38 ಡಿಗ್ರಿ ಶಾಖ, ಶೇ. 90 ಆರ್ದ್ರತೆಯ ಕಠಿಣ ಪರೀಕ್ಷೆಯಲ್ಲಿ 50 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಎಲ್‌ಡಿಪಿಇ, ಅಂದರೆ ಸಾಧಾರಣ ಮೆದು ಪಾಲಿಥೀನ್ ಹಾಳೆಯ ಒಂದು ಚದರ ಮೀಟರಿನಿಂದ ದಿನಕ್ಕೆ ಹತ್ತಿರ ಹತ್ತಿರ 9 ಗ್ರಾಂ ನೀರಾವಿ ದಾಟುತ್ತದೆ. ಹಾಗಾಗಿ ನಮ್ಮ ಕವರಿನೊಳಗೆ ದಿನಕ್ಕೆ 1.6 ಗ್ರಾಂ ಇಳಿಯುತ್ತದೆ, ಒಂದು ವಾರದ ಆಸುಪಾಸಿನಲ್ಲಿ ರೊಟ್ಟಿ ಮೆತ್ತಗಾಗುತ್ತದೆ. 25 ಮೈಕ್ರಾನಿನ ಬಿಒಪಿಪಿ (ಎರಡೂ ದಿಕ್ಕಿಗೆ ಎಳೆದು ಮಾಡಿದ ಪಾಲಿಪ್ರೊಪಿಲೀನ್ ಹಾಳೆ) ಅದರ ಅರ್ಧದಷ್ಟು ದಪ್ಪವಿದ್ದರೂ ಅದರಿಂದ ದಾಟುವುದು ಸುಮಾರು 6 ಗ್ರಾಂ ಮಾತ್ರ. ಮೆಟಲೈಸ್ಡ್ ಪಾಲಿಯೆಸ್ಟರ್, ಅಂದರೆ ತೆಳುವಾಗಿ ಲೋಹ ಲೇಪಿಸಿದ ಪಾಲಿಯೆಸ್ಟರ್ ಪದರವಿರುವ ಲ್ಯಾಮಿನೇಟ್ (ಹಲವು ಪದರ ಕೂಡಿಸಿದ ಹಾಳೆ) ಆದರೆ ಸುಮಾರು 1 ಗ್ರಾಂ, ಅಂದರೆ ಅದೇ ರೊಟ್ಟಿ ಅದೇ ಕಠಿಣ ಹವೆಯಲ್ಲಿ ಎರಡು ತಿಂಗಳು ಬಾಳುತ್ತದೆ. ನಮ್ಮ ಆಗಸ್ಟ್ ತಿಂಗಳು ಅಷ್ಟು ಕಠಿಣವಲ್ಲವಾದ್ದರಿಂದ ದಿನಗಳ ಸಂಖ್ಯೆ ಎಲ್ಲದಕ್ಕೂ ಹೆಚ್ಚುತ್ತದೆ, ಆದರೆ ಹಾಳೆ ಹಾಳೆಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ದಪ್ಪಕ್ಕಿಂತ ಹಾಳೆಯ ಜಾತಿ ಮುಖ್ಯವೆಂಬುದು ಇಲ್ಲಿ ಗೊತ್ತಾಗುತ್ತದೆ.

ಸರಬರಾಜುದಾರರು ಹೇಳಿದ ಹಾಳೆಯೇ ಬಂದಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಘಟಕದಲ್ಲೇ ಪರೀಕ್ಷಿಸಬಹುದು. ಒಂದು ಮುಚ್ಚಳವಿರುವ ದೊಡ್ಡ ಡಬ್ಬಿಯ ತಳದಲ್ಲಿ ಅಡುಗೆ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಕರಗದ ಉಪ್ಪು ಕೆಳಗೆ ಉಳಿಯುವಂತೆ ಇಟ್ಟರೆ ಡಬ್ಬಿಯ ಗಾಳಿ ಶೇ. 75ರ ಆರ್ದ್ರತೆಗೆ ಬಂದು ನಿಲ್ಲುತ್ತದೆ. ಚೆನ್ನಾಗಿ ಒಣಗಿಸಿದ ಸಿಲಿಕಾ ಜೆಲ್ಲನ್ನು ಖಾಲಿ ಕವರಿನಲ್ಲಿ ತುಂಬಿ ಎಂದಿನಂತೆ ಸೀಲ್ ಮಾಡಿ, ಅಂಥದ್ದೇ ಇನ್ನೊಂದಕ್ಕೆ ಸೀಲ್ ಗೆರೆಯನ್ನು ಎರಡೆರಡು ಬಾರಿ ಅಗಲವಾಗಿ ಹಾಕಿ, ಉಪ್ಪುನೀರು ತಾಗದಂತೆ ಜಾಲರಿಯ ಮೇಲೆ ಎರಡನ್ನೂ ಇಡಬೇಕು. ಬಂಗಾರದ ಅಂಗಡಿಯಲ್ಲಿರುವಂಥ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಟ್ಟುಕೊಳ್ಳಬೇಕು. ಮೊದಲನೆಯದರ ತೂಕ ಮಾತ್ರ ಬೇಗ ಏರಿದರೆ ಸೀಲಿನ ದೋಷ, ಎರಡೂ ಸಮನಾಗಿ ಏರಿದರೆ ಹಾಳೆಯ ದೋಷ. ಹೊಸ ಹಾಳೆಗೆ ಬದಲಾಗುವ ಮುನ್ನವೂ ಹಳೆಯದನ್ನೂ ಹೊಸದನ್ನೂ ಹೀಗೆಯೇ ಅಕ್ಕಪಕ್ಕ ಇಟ್ಟು ತೂಗಿ ನೋಡಿದರೆ, ಸಾವಿರಾರು ಕವರ್ ಮುದ್ರಿಸಿದ ಮೇಲೆ ಪರಿತಪಿಸುವುದು ತಪ್ಪುತ್ತದೆ.

ಚಟ್ನಿ ಪುಡಿಗೆ ಕಮಟು ವಾಸನೆ ಬಂದಿದ್ದರೆ

ಕಮಟು ವಾಸನೆ ಮತ್ತು ಮುಗ್ಗಲು ವಾಸನೆ ಬೇರೆ ಬೇರೆ ಎಂಬುದನ್ನು ಮೊದಲು ಗುರುತಿಸಬೇಕು. ಕಮಟು ಎಣ್ಣೆಯದು, ಮುಗ್ಗಲು ಬೂಷ್ಟಿನದು. ಶೇಂಗಾದಲ್ಲಿ ಮುಗ್ಗಲು ಬಂದರೆ ಪ್ಯಾಕೇಜಿಂಗ್ ಮಾತು ಅಲ್ಲಿಗೆ ಮುಗಿಯಿತು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರುವ ಸಾಧ್ಯತೆಯಿದೆ, ಹುರಿಯುವುದರಿಂದ ಅದು ಪೂರ್ತಿಯಾಗಿ ಹೋಗುವುದಿಲ್ಲ. ಮಾಲನ್ನು ಎಸೆಯಬೇಕು, ಮುಂದಿನ ಸಲ ಮುರುಟಿದ ಮತ್ತು ಬಣ್ಣಗೆಟ್ಟ ಬೀಜಗಳನ್ನು ಹುರಿಯುವ ಮೊದಲೇ ಆರಿಸಿ ತೆಗೆಯಬೇಕು.

ಕಮಟು ಬಂದಿದ್ದರೆ ಯಾವ ಚಟ್ನಿಯೆಂದು ನೋಡಬೇಕು. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಆಮ್ಲಜನಕದೊಂದಿಗೆ ಅದು ಬಹಳ ಬೇಗ ಸೇರಿಕೊಳ್ಳುತ್ತದೆ. ಗುರೆಳ್ಳಿನದು ಅದಕ್ಕಿಂತ ನಿಧಾನ, ಶೇಂಗಾದ್ದು ಇನ್ನೂ ನಿಧಾನ. ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಮೂರಕ್ಕೂ ಒಂದೇ ಬಾಳಿಕೆಯ ಅವಧಿಯನ್ನು ಮುದ್ರಿಸಿದ್ದರೆ ಅಗಸಿಯದೇ ಮೊದಲು ವಾಪಸು ಬರುತ್ತದೆ. ಇಡೀ ಬೀಜಕ್ಕಿಂತ ಪುಡಿಗೆ ಗಾಳಿ ತಾಗುವ ಮೈ ಹಲವು ಪಟ್ಟು ಹೆಚ್ಚು. ಆದ್ದರಿಂದ ಪುಡಿ ಮಾಡಿದ ಮಾಲನ್ನು ದಿನಗಟ್ಟಲೆ ಬುಟ್ಟಿಯಲ್ಲಿ ತೆರೆದಿಟ್ಟು ಆಮೇಲೆ ಪ್ಯಾಕ್ ಮಾಡಿದರೆ ಅದು ಪ್ಯಾಕೆಟ್ ಸೇರುವ ಮೊದಲೇ ಅರ್ಧ ಕೆಟ್ಟಿರುತ್ತದೆ, ಗಾಜಿನ ಬಾಟಲಿಯ ಪರೀಕ್ಷೆಯಲ್ಲಿ ಇದು ಬಯಲಾಗುತ್ತದೆ.

ಹಾಳೆಯ ಆಯ್ಕೆಯಲ್ಲಿ ಎಡವುವುದು ಇಲ್ಲೇ. ನೀರಾವಿಯನ್ನು ತಡೆಯುವ ಹಾಳೆ ಆಮ್ಲಜನಕವನ್ನೂ ತಡೆಯುತ್ತದೆಯೆಂದು ತಿಳಿಯುವಂತಿಲ್ಲ. ಎಲ್‌ಡಿಪಿಇ ಮತ್ತು ಬಿಒಪಿಪಿ ಎರಡೂ ತೇವಕ್ಕೆ ಒಳ್ಳೆಯ ತಡೆ, ಆಮ್ಲಜನಕಕ್ಕೆ ಬಹಳ ಕಳಪೆ ತಡೆ. ನೈಲಾನ್ ಇದಕ್ಕೆ ವಿರುದ್ಧ, ಆಮ್ಲಜನಕವನ್ನು ಚೆನ್ನಾಗಿ ತಡೆದು ನೀರಾವಿಯನ್ನು ಬಿಡುತ್ತದೆ. ಹೀಗಾಗಿಯೇ ಪದರಗಳನ್ನು ಕೂಡಿಸಿ ಲ್ಯಾಮಿನೇಟ್ ಮಾಡುತ್ತಾರೆ: ಹೊರಗೆ ಮುದ್ರಣಕ್ಕೂ ಗಟ್ಟಿತನಕ್ಕೂ ಪಾಲಿಯೆಸ್ಟರ್, ನಡುವೆ ತಡೆಗೆ ಮೆಟಲೈಸ್ಡ್ ಪದರ ಅಥವಾ ಅಲ್ಯೂಮಿನಿಯಂ ಫಾಯಿಲ್, ಒಳಗೆ ಸೀಲ್ ಕಚ್ಚಲು ಪಾಲಿಥೀನ್. ಆಮ್ಲಜನಕವನ್ನು ಹೊರಹಾಕಲೆಂದು ಬರೀ ಪಾಲಿಥೀನ್ ಕವರಿಗೆ ನೈಟ್ರೋಜನ್ ತುಂಬಿಸುವ ಘಟಕಗಳೂ ಇವೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಕವರ್ 50 ಮೈಕ್ರಾನಿನ ಎಲ್‌ಡಿಪಿಇಯದಾದರೆ, ನೈಟ್ರೋಜನ್ ತುಂಬಿದ ಮೊದಲ ದಿನವೇ ಹೊರಗಿನಿಂದ ಹತ್ತಾರು ಮಿಲಿಲೀಟರ್ ಆಮ್ಲಜನಕ ಒಳನುಸುಳುತ್ತದೆ. ಕೆಲವೇ ದಿನಗಳಲ್ಲಿ ಒಳಗಿನ ಗಾಳಿ ಹೊರಗಿನಂತೆಯೇ ಆಗುತ್ತದೆ, ಗ್ಯಾಸಿಗೆ ಕೊಟ್ಟ ದುಡ್ಡು ಗಾಳಿಗೆ ಹೋಗುತ್ತದೆ.

ಆಮ್ಲಜನಕ ಹೀರುವ ಪುಟ್ಟ ಪೊಟ್ಟಣಗಳನ್ನು ಹಾಕಿದ್ದೂ ಕಮಟು ಬಂದರೆ ಲೆಕ್ಕ ಹಾಕಿ ನೋಡಬೇಕು. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ, ಪ್ಯಾಕೆಟ್ಟಿನಲ್ಲಿ ಪುಡಿ ಬಿಟ್ಟು 150 ಮಿಲಿಲೀಟರ್ ಗಾಳಿಯಿದ್ದರೆ ಅದರಲ್ಲಿ ಸುಮಾರು 32 ಮಿಲಿಲೀಟರ್ ಆಮ್ಲಜನಕ. 20 ಮಿಲಿಲೀಟರ್ ಶಕ್ತಿಯ ಪೊಟ್ಟಣ ಅದಕ್ಕೆ ಸಾಲದು, 50ರದ್ದು ಬೇಕು, ಅದೂ ಹಾಳೆ ಆಮ್ಲಜನಕವನ್ನು ತಡೆಯುವಂಥದ್ದಾಗಿದ್ದರೆ ಮಾತ್ರ. ಈ ಪೊಟ್ಟಣಗಳ ದೊಡ್ಡ ಚೀಲವನ್ನು ಬೆಳಗ್ಗೆ ಬಿಚ್ಚಿ ಮೇಜಿನ ಮೇಲೆ ಹರವಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅವುಗಳ ಶಕ್ತಿ ಕುಂದಿರುತ್ತದೆ. ಒಳಗಿನ ಕಬ್ಬಿಣದ ಪುಡಿ ತುಕ್ಕು ಹಿಡಿದು ಗಟ್ಟಿಯಾಗಿ, ಬೆರಳಲ್ಲಿ ಒತ್ತಿದಾಗ ಹರಳುಗಟ್ಟಿದಂತೆ ತಾಗಿದರೆ ಅದು ಮುಗಿದಿದೆ. ಕಬ್ಬಿಣ ತುಕ್ಕು ಹಿಡಿಯಲು ತೇವ ಬೇಕಾಗುವುದರಿಂದ, ಚಟ್ನಿ ಪುಡಿಯಂಥ ಒಣ ಮಾಲಿಗೆ ತನ್ನೊಳಗೇ ತೇವವಿರುವ ಬಗೆಯನ್ನು ಕೇಳಿ ತರಿಸಬೇಕು.

ಪುಡಿಯ ಪ್ಯಾಕೆಟ್ಟಿನ ಸೀಲ್ ಸೋರುವುದಕ್ಕೆ ಮುಖ್ಯ ಕಾರಣ ಕವರಿನ ಬಾಯಿಗೆ ಅಂಟಿದ ಪುಡಿ. ಒಣ ಬೇಸಿಗೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸ್ಥಾಯೀ ವಿದ್ಯುತ್ ಹೆಚ್ಚುವುದರಿಂದ ಪುಡಿ ಬಾಯಿಯ ಒಳಮೈಗೆ ಹಾರಿ ಕೂರುತ್ತದೆ, ಎಣ್ಣೆಯಂಶವಿದ್ದರೆ ಒರೆಸಿದರೂ ಬಿಡುವುದಿಲ್ಲ. ಉದ್ದ ಕೊಳವೆಯ ಲಾಳಿಕೆಯನ್ನು ಕವರಿನ ತಳದವರೆಗೆ ಇಳಿಸಿ ತುಂಬಬೇಕು, ಬಾಯಿಯಿಂದ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಬೇಕು. ಸೋರಿಕೆ ಕಣ್ಣಿಗೆ ಕಾಣದಿದ್ದರೆ, ಪ್ಯಾಕೆಟ್ಟನ್ನು ತಳದಲ್ಲಿ ಕತ್ತರಿಸಿ ಖಾಲಿ ಮಾಡಿ, ಆಹಾರದ ಬಣ್ಣ ಕದಡಿದ ನೀರಿಗೆ ಒಂದು ಹನಿ ಸೋಪು ಸೇರಿಸಿ, ಅದನ್ನು ಸೀಲಿನ ಒಳಗೆರೆಗುಂಟ ನಿಲ್ಲಿಸಿ ಬಿಳಿ ಕಾಗದದ ಮೇಲೆ ಇಡಬೇಕು. ಪುಡಿ ಕುಳಿತ ಕಡೆ ಬಣ್ಣ ಎಳೆಯಾಗಿ ಹೊರಗೆ ಹರಿಯುತ್ತದೆ.

ಸಾಕ್ಷಿ ಪ್ಯಾಕೆಟ್ ಚೆನ್ನಾಗಿದ್ದು ಅಂಗಡಿಯದು ಮಾತ್ರ ಕಮಟಾಗಿದ್ದರೆ ಬಿಸಿಲನ್ನು ನೋಡಬೇಕು. ಪಾರದರ್ಶಕ ಪ್ಯಾಕೆಟ್‌ಗಳನ್ನು ಮಾಲೆ ಮಾಡಿ ಅಂಗಡಿಯ ಮುಂದೆ ತೂಗುಹಾಕಿದರೆ ಬೆಳಕು ಮತ್ತು ಶಾಖ ಎರಡೂ ಸೇರಿ ಎಣ್ಣೆಯನ್ನು ಕೆಡಿಸುತ್ತವೆ, ಮೆಣಸಿನ ಪುಡಿಯ ಕೆಂಪು ಬಣ್ಣವೂ ಮಾಸುತ್ತದೆ.

ಪ್ಯಾಕೆಟ್ ಉಬ್ಬಿದ್ದರೆ

ನೈಟ್ರೋಜನ್ ತುಂಬಿದ ಒಣ ಮಾಲಿನ ಪ್ಯಾಕೆಟ್ ಬಿಸಿಲಿನಲ್ಲಿ ಉಬ್ಬುವುದು ಸಹಜ. ನೆರಳಿನಲ್ಲಿ ಒಂದೆರಡು ಗಂಟೆ ಇಟ್ಟರೆ ಇಳಿಯುತ್ತದೆ. ತಣಿದ ಮೇಲೂ ಉಬ್ಬು ಇಳಿಯದಿದ್ದರೆ ಒಳಗೆ ಸೂಕ್ಷ್ಮಜೀವಿಗಳು ಅನಿಲ ಬಿಡುತ್ತಿರಬಹುದು. ಅಂಥ ಪ್ಯಾಕೆಟ್ಟನ್ನು ರುಚಿ ನೋಡಬಾರದು. ಹಸಿ ಚಟ್ನಿ, ಬೇಯಿಸಿದ ಕಾಳು, ಪಲ್ಯದಂಥ ತೇವವಿರುವ ಹಾಗೂ ಹುಳಿ ಕಡಿಮೆಯಿರುವ ಆಹಾರವನ್ನು ವ್ಯಾಕ್ಯೂಮ್ ಮಾಡಿ, ಅಥವಾ ಆಮ್ಲಜನಕ ಹೀರುವ ಪೊಟ್ಟಣ ಹಾಕಿ, ಕೋಣೆಯ ಉಷ್ಣತೆಯಲ್ಲಿ ಮಾರುವುದು ಜೀವಕ್ಕೇ ಅಪಾಯ. ಗಾಳಿಯಿಲ್ಲದ ಕಡೆಯೇ ಬೆಳೆಯುವ ಬೊಟುಲಿನಮ್ ಬ್ಯಾಕ್ಟೀರಿಯಾ ಅಲ್ಲಿ ವಿಷ ತಯಾರಿಸಬಲ್ಲದು, ಪ್ಯಾಕೆಟ್ ಉಬ್ಬದೆಯೂ ವಾಸನೆ ಬದಲಾಗದೆಯೂ ಹಾಗಾಗಬಹುದು. ವ್ಯಾಕ್ಯೂಮ್ ಎಂದರೆ ಫ್ರಿಜ್ಜಿಗೆ ಬದಲಿಯಲ್ಲ ಎಂಬ ಮಾತನ್ನು ಪ್ರತಿ ಘಟಕದ ಗೋಡೆಯ ಮೇಲೆ ಬರೆದಿಡಬೇಕು.

ಬೂಷ್ಟು ಬಂದಿದ್ದರೆ

ಖಡಕ್ ರೊಟ್ಟಿಗೆ ಬೂಷ್ಟು ಬರುವುದು ಅಪರೂಪ, ಮೆತ್ತನೆಯ ರೊಟ್ಟಿ ಮತ್ತು ಹೋಳಿಗೆಗೆ ಬರುತ್ತದೆ. ನೀರಿನ ಚಟುವಟಿಕೆ 0.7ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಬೂಷ್ಟು ಬೆಳೆಯಲಾರದು, 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಇದು ಒಟ್ಟು ತೇವಾಂಶವಲ್ಲ, ಸೂಕ್ಷ್ಮಜೀವಿಗೆ ದಕ್ಕುವ ನೀರಿನ ಅಳತೆ. ಇದನ್ನು ಅಳೆಯಲು ಉಪಕರಣವೇ ಬೇಕು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ವಿಭಾಗವಿದೆ, ಗಂಗಾವತಿ ಮತ್ತು ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳ ಮೂಲಕವೂ ಸಲಹೆ ಕೇಳಬಹುದು. ಬೂಷ್ಟು ಕವರಿಗೆ ತಾಗಿದ ಕಡೆ ಮಾತ್ರ ಎದ್ದಿದ್ದರೆ ಬಿಸಿಯಾಗಿ ಪ್ಯಾಕ್ ಮಾಡಿದ್ದರ ಹನಿ ಕಾರಣ, ಎಲ್ಲ ಕಡೆ ಸಮನಾಗಿ ಎದ್ದಿದ್ದರೆ ಮಾಲೇ ಹಸಿಯಾಗಿದೆ.

ಹುಳ ಕಂಡಿದ್ದರೆ

ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಾಳೆಯ ಕೊರೆದ ಅಂಚು ಹೊರಕ್ಕೆ ಚಾಚಿದ್ದರೆ ಹುಳ ಒಳಗಿನಿಂದ ಹೊರಬಂದಿದೆ, ಒಳಕ್ಕೆ ಮಡಿಚಿದ್ದರೆ ಗೋದಾಮಿನಿಂದಲೋ ಅಂಗಡಿಯಿಂದಲೋ ಒಳಹೊಕ್ಕಿದೆ. ತೂತೇ ಇಲ್ಲದೆ ಹುಳವಿದ್ದರೆ ಮೊಟ್ಟೆ ಮಾಲಿನೊಂದಿಗೇ ಬಂದಿದೆ, ಅಥವಾ ಸೀಲಿನ ಸಂದಿಯಲ್ಲಿ ದಾರಿಯಿದೆ. ಗಂಗಾವತಿ, ಸಿಂಧನೂರು ಭಾಗದ ಅಕ್ಕಿಯಲ್ಲಿ ಸೊಂಡಿಲು ಹುಳದ ದೂರು ಬಂದಾಗ ಚೀಲದ ಹೊಲಿಗೆಯನ್ನು ನೋಡಬೇಕು, ಸೂಜಿಯ ತೂತುಗಳೇ ಬಾಗಿಲು. ಈ ಹುಳದ ಮರಿ ಕಾಳಿನೊಳಗೇ ಬೆಳೆಯುವುದರಿಂದ ತುಂಬುವಾಗ ಶುದ್ಧವಾಗಿ ಕಂಡ ಅಕ್ಕಿಯಲ್ಲೂ ತಿಂಗಳೊಪ್ಪತ್ತಿನಲ್ಲಿ ಹುಳ ಏಳಬಹುದು. ಗಾಳಿಯಾಡದ ಒಳಚೀಲದಲ್ಲಿ ತುಂಬಿ ಬಿಗಿದರೆ ಹುಳಗಳ ಉಸಿರಾಟದಿಂದಲೇ ಆಮ್ಲಜನಕ ಇಳಿದು ಅವು ಸಾಯುತ್ತವೆ. ಚೀಲದಲ್ಲಿ ಒಂದೇ ತೂತಿದ್ದರೂ ಇದು ನಡೆಯುವುದಿಲ್ಲ. ಮೆಣಸಿನಕಾಯಿ ಮತ್ತು ಚಟ್ನಿ ಪುಡಿಯಲ್ಲಿ ಹುರಿಯುವಾಗ ಮೊಟ್ಟೆಗಳು ಸಾಯುತ್ತವೆ, ಆದರೆ ಆರಲು ಹರವಿದಾಗ ಹೊಸ ಹುಳ ಬಂದು ಮೊಟ್ಟೆಯಿಡುವುದನ್ನು ತಡೆಯಲು ಆ ಕೋಣೆಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು.

ದೋಷ ಸರಿಪಡಿಸಿದ ಮೇಲೆ

ಬದಲಾವಣೆ ಮಾಡಿದ ಮೇಲೆ ಅವಧಿಯನ್ನು ತಕ್ಷಣ ಹೆಚ್ಚಿಸಿ ಮುದ್ರಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಹಾಳೆ, ಸೀಲ್, ಮಾಲನ್ನು ಆರಲು ಬಿಡುವ ಕ್ರಮ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ, ಬೇಡದ ಖರ್ಚೂ ಕಾಯಂ ಆಗುತ್ತದೆ. ರೊಟ್ಟಿಯ ಅವಧಿಯನ್ನು ಮಳೆಗಾಲದಲ್ಲಿ ಇಟ್ಟು ನೋಡಿದ ಸಾಕ್ಷಿ ಪ್ಯಾಕೆಟ್‌ಗಳ ಮೇಲೆ, ಚಟ್ನಿ ಪುಡಿಯದನ್ನು ಬೇಸಿಗೆಯಲ್ಲಿ ಇಟ್ಟು ನೋಡಿದವುಗಳ ಮೇಲೆ ನಿರ್ಧರಿಸಬೇಕು. ಚಟ್ನಿ ಪುಡಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪೆರಾಕ್ಸೈಡ್ ಮೌಲ್ಯ (ಎಣ್ಣೆ ಆಮ್ಲಜನಕದೊಂದಿಗೆ ಸೇರಿ ಎಷ್ಟು ಕೆಟ್ಟಿದೆಯೆಂದು ತಿಳಿಯುವ ಒಂದು ಅಳತೆ) ಅಳೆಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಎಣ್ಣೆ ಕೆಡುತ್ತಾ ಹೋದಂತೆ ಈ ಅಂಕೆ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಹಳೆಯ ಮಾಲಿನಲ್ಲಿ ಅಂಕೆ ಕಡಿಮೆ ಬಂದಿತೆಂದು ಅದು ಚೆನ್ನಾಗಿದೆಯೆನ್ನಲು ಬರುವುದಿಲ್ಲವಾದ್ದರಿಂದ, ಒಂದೇ ಬಾರಿ ಅಳೆಸದೆ ಪ್ಯಾಕ್ ಮಾಡಿದ ದಿನದಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಪ್ಯಾಕೆಟ್ ಕಳುಹಿಸಿ, ಅಂಕೆಗಳ ಜೊತೆಗೆ ಅಂದಂದು ಮೂಗಿಗೆ ಬಂದ ವಾಸನೆಯನ್ನೂ ಬರೆದಿಡಬೇಕು.